ಮನೆಯಲ್ಲೇ ಓದುವ ದೊಡ್ಡ ಮಕ್ಕಳು: ಖಾಸಗಿ ಎಸ್ಸೆಸ್ಸೆಲ್ಸಿಯೋ, ಎನ್‌ಐಒಎಸ್ಸೋ, ಮರಳಿ ಶಾಲೆಯೋ?

ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ, ರಾತ್ರಿಯ ರೊಟ್ಟಿ ಬಡಿದು ಮುಗಿದ ಮೇಲೆ, ನಾನೂ ನನ್ನ ನೆಗೆಣ್ಣಿಯೂ ಅಡುಗೆಮನೆಯ ಶಹಾಬಾದ್ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಆರಿದೊಡನೆ ಚಾಕ್‌ಪೀಸು ಹಿಡಿದು ಕೂಡುತ್ತೇವೆ. ಕಲಬುರಗಿಯ ಆ ದಿನಗಳ ಬಿಸಿಲಿಗೆ ರಾತ್ರಿಯೂ ಕಾದಿರುವ ಕಲ್ಲು ಆರಲು ಎರಡು ನಿಮಿಷ ಸಾಕು. ಒಂದೊಂದು ಕಲ್ಲಿನ ಮೇಲೆ ಒಂದೊಂದು ಮಗುವಿನ ಹೆಸರು ಬರೆಯುತ್ತೇವೆ: ಮೂವರು ನನ್ನವರು, ಮೂವರು ಅವಳವರು. ಕೆಳಗಿನ ಮೂವರದು ಹತ್ತು ನಿಮಿಷದ ಕೆಲಸ. ಮೇಲಿನ ಮೂವರ ಸಲುವಾಗಿ, ಅಂದರೆ 16 ವರ್ಷದ ನನ್ನ ಹಿರಿಯ ಮಗಳು, 15 ತುಂಬಿದ ಮಗ ಮತ್ತು 13 ವರ್ಷದ ಮೈದುನನ ಮಗಳ ಸಲುವಾಗಿ, ಈ ಸಲ ಮೂರು ರಾತ್ರಿ ಕೂಡಬೇಕಾಯಿತು.

ದೊಡ್ಡ ಮಕ್ಕಳನ್ನು ಮನೆಯಲ್ಲಿ ಓದಿಸುವವರು ಸಾಮಾನ್ಯವಾಗಿ ಯಾವ ಪಠ್ಯ ಹಗುರ, ಯಾವುದಕ್ಕೆ ಶುಲ್ಕ ಕಡಿಮೆ ಎಂಬಲ್ಲಿಂದ ಹೋಲಿಕೆ ಆರಂಭಿಸುತ್ತಾರೆ. ನಾನೂ ಹಾಗೆಯೇ ಆರಂಭಿಸಿ, ಹಿರಿಯ ಮಗಳ ಒಂದು ವರ್ಷವನ್ನು ಕಳೆದುಕೊಂಡೆ. ಪಠ್ಯ ಮತ್ತು ಶುಲ್ಕದ ಮಾತು ಆಮೇಲೆ ಬರಲಿ. ಮೊದಲು ನೋಡಬೇಕಾದದ್ದು, ಪ್ರತಿಯೊಂದು ಮಗು ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಇದುವರೆಗೆ ಎಷ್ಟು ವರ್ಷ ಓದಿದೆ ಮತ್ತು 18ರ ವಯಸ್ಸಿಗೆ ಅದು ಯಾವ ಬಾಗಿಲು ತಟ್ಟಲಿದೆ ಎಂಬುದನ್ನು. ಒಂದೇ ಮನೆಯ ಮೂವರಿಗೆ ಈ ಲೆಕ್ಕ ಮೂರು ಬಗೆಯಾಗಿ ಬರುತ್ತದೆ. ಆದ್ದರಿಂದ ಒಬ್ಬರಿಗೆ ಹೊಂದಿದ ದಾರಿಯನ್ನು ಎಲ್ಲರಿಗೂ ಹಚ್ಚುವುದು, ದೊಡ್ಡ ಸಂಸಾರದಲ್ಲಿ ಎಷ್ಟೇ ಅನುಕೂಲವಾಗಿ ಕಂಡರೂ, ಮಾಡಬಾರದ ಕೆಲಸ.

ಏಳು ವರ್ಷದ ಲೆಕ್ಕ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಎಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸುಗಳ ಸರ್ಕಾರಿ ಸೀಟು ಪಡೆಯಲು ಹಲವು ಅರ್ಹತಾ ಷರತ್ತುಗಳಿವೆ. ಅವುಗಳಲ್ಲಿ ಮೊದಲನೆಯದೂ ನಮ್ಮಂಥ ಕುಟುಂಬಗಳು ಬಳಸುವುದೂ ಇದು: ಅಭ್ಯರ್ಥಿಯು 1ನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು, ಜೊತೆಗೆ 10ನೇ ತರಗತಿ ಅಥವಾ 12ನೇ ತರಗತಿಯ ಪರೀಕ್ಷೆಯನ್ನು ಕರ್ನಾಟಕದಿಂದ ಪಾಸು ಮಾಡಿರಬೇಕು. ಒಂದೇ ತರಗತಿಯನ್ನು ಎರಡು ಸಲ ಓದಿದರೂ ಒಂದೇ ವರ್ಷವೆಂದು ಎಣಿಸುತ್ತಾರೆ. ಮನೆಯಲ್ಲಿ ಓದಿದ ವರ್ಷ ಈ ಎಣಿಕೆಗೆ ಸೇರುವುದಿಲ್ಲ.

ನೆಲದ ಮೇಲೆ ನಾವು ಗೆರೆ ಹಾಕಿದೆವು. ಹಿರಿಯ ಮಗಳು 8ನೇ ತರಗತಿಯವರೆಗೆ ಶಾಲೆಗೆ ಹೋದವಳು, ಎಂಟು ಗೆರೆ. ಮಗ 6ನೆಯದು ಮುಗಿಸಿ ಬಿಟ್ಟವನು, ಆರು ಗೆರೆ. ಪಿಯು ಕಾಲೇಜಿನ ಎರಡು ಸೇರಿಸಿದರೆ ಎಂಟು. ಮೈದುನನ ಮಗಳು 4ನೆಯದಕ್ಕೇ ಬಿಟ್ಟಳು. ನಾಲ್ಕು ಗೆರೆ, ಪಿಯುವಿನ ಎರಡು, ಒಟ್ಟು ಆರು. ನೆಗೆಣ್ಣಿ ಚಾಕ್‌ಪೀಸನ್ನು ಕಲ್ಲಿನ ಮೇಲೆ ಹಾಗೆಯೇ ಊರಿಕೊಂಡು ಕೂತು, “ಅಕ್ಕಾ, ಒಂದು ವರ್ಷ ಕಮ್ಮಿ ಬೀಳ್ಲತ್ತದಲ್ಲ” ಎಂದಳು. ಆ ಹುಡುಗಿಗೆ ಬೇಕಾದದ್ದು ಕೃಷಿ ಪದವಿ. ಕಲಬುರಗಿಯಲ್ಲೇ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ನಮಗೆ ಹೊಲವೂ ಇದೆ. ಇಷ್ಟೆಲ್ಲ ಇದ್ದೂ ಒಂದು ಗೆರೆ ಇಲ್ಲದ್ದಕ್ಕೆ ಅವಳು ಸಾಲಿನಿಂದ ಹೊರಗುಳಿಯುತ್ತಿದ್ದಳು.

ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ 1ರಿಂದ 10ರವರೆಗಿನ ಪೂರ್ತಿ ಹತ್ತು ವರ್ಷ ಬೇಕು. ಮನೆಪಾಠಕ್ಕೆ ಬಂದ ದಿನವೇ ಆ ಎರಡೂ ಕೈಬಿಟ್ಟವೆಂದು ತಿಳಿಯಬೇಕು. ಅದರ ಬಗ್ಗೆ ನಂತರ ಕೊರಗುವುದಕ್ಕಿಂತ ಬಿಡಿಸುವ ಮೊದಲೇ ಯೋಚಿಸುವುದು ಲೇಸು. ಆದರೆ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70 ಮತ್ತು ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ದೊರೆಯುವ ಸೌಲಭ್ಯವು ಮುಖ್ಯವಾಗಿ ಜನನ ಹಾಗೂ ವಾಸದ ಮೇಲೆ ನಿಂತಿರುವುದರಿಂದ, ಮನೆಯಲ್ಲಿ ಓದಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿಯ ಮಕ್ಕಳಿಗೆ ಇದು ಸಣ್ಣ ಆಸರೆಯಲ್ಲ. ಈ ಸೌಲಭ್ಯಕ್ಕೆ ಬೇಕಾದ ಪ್ರಮಾಣಪತ್ರವನ್ನು ಕೌನ್ಸೆಲಿಂಗ್ ಹತ್ತಿರ ಬಂದಾಗ ಓಡಾಡಿ ಮಾಡಿಸುವ ಬದಲು 10ನೆಯದರ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಬೇಕು.

ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ

ಶಾಲೆಗೆ ಹೋಗದೆ, 15 ವರ್ಷ ತುಂಬಿದ ಮೇಲೆ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಪರೀಕ್ಷೆಗೆ ನೇರವಾಗಿ ಕೂಡುವ ದಾರಿ ಇದು. ಇದರ ಮೊದಲ ಗುಣವೆಂದರೆ ಅಂಕಪಟ್ಟಿ ಕಂಡವರಾರೂ ಮರುಪ್ರಶ್ನೆ ಕೇಳುವುದಿಲ್ಲ. ನಮ್ಮೂರಿನ ಯಾವ ಪಿಯು ಕಾಲೇಜಿನ ಗುಮಾಸ್ತರಿಗೂ ಅದನ್ನು ವಿವರಿಸಿ ಹೇಳಬೇಕಿಲ್ಲ. ಎರಡನೆಯದು, ಸಿಇಟಿಯ ಷರತ್ತಿನಲ್ಲಿ ಕರ್ನಾಟಕದಿಂದ ಪಾಸಾಗಿರಬೇಕೆಂಬ ಭಾಗ ಇದರಿಂದಲೇ ತೀರುತ್ತದೆ. ಮೂರನೆಯದು, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಓದಿದ ಎಸ್ಸೆಸ್ಸೆಲ್ಸಿ ಇದ್ದರೆ ಮುಂದೆ ರಾಜ್ಯದ ನೌಕರಿಗೆ ಅರ್ಜಿ ಹಾಕುವಾಗ ಕಡ್ಡಾಯ ಕನ್ನಡ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ, ಒಂದು ವಿಷಯ ಉಳಿದರೆ ಇಡೀ ವರ್ಷ ಕಾಯುವ ಹಳೆಯ ಭಯವೂ ಕಡಿಮೆಯಾಗಿದೆ.

ಕೊರತೆಯೂ ಇದೆ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಹೀಗೆ ಆರನ್ನೂ ಓದಲೇಬೇಕು. ಆಯ್ಕೆಗೆ ಎಡೆ ಕಡಿಮೆ. ಶಾಲೆಯಲ್ಲಿ ಓದುವ ಮಕ್ಕಳಿಗೆ ಆಂತರಿಕ ಅಂಕಗಳನ್ನು ಕೊಡುವ ಮಾಸ್ತರರು ಇರುತ್ತಾರೆ, ಖಾಸಗಿ ಅಭ್ಯರ್ಥಿಗೆ ಅವರಿರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಯನ್ನು ಕೊಳ್ಳುವ ಮುನ್ನ ಅದು ಶಾಲಾ ಅಭ್ಯರ್ಥಿಗಳದೋ ಖಾಸಗಿಯವರದೋ ಎಂದು ನೋಡಿಕೊಳ್ಳಬೇಕು. ಅರ್ಜಿಯ ಪ್ರಕಟಣೆ ಶೈಕ್ಷಣಿಕ ವರ್ಷದ ನಡುವೆ ಬಂದು ಹೋಗುತ್ತದೆ. ಮನೆಯಲ್ಲಿ ಆರು ಮಕ್ಕಳಿದ್ದಾಗ ಅಂಥ ತಾರೀಖು ಮರೆಯುವುದು ಬಹಳ ಸುಲಭ, ನಮ್ಮಲ್ಲಿ ದಸರೆ ಮುಗಿದಂದಿನಿಂದ ಮಂಡಳಿಯ ಜಾಲತಾಣವನ್ನು ವಾರಕ್ಕೊಮ್ಮೆ ನೋಡುವ ಕೆಲಸ ಮೈದುನನದು.

ಎನ್‌ಐಒಎಸ್

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ 1989ರಲ್ಲಿ ಆರಂಭವಾದದ್ದು, ಕೇಂದ್ರ ಸರ್ಕಾರದ್ದು. ಇದರ ಮಾಧ್ಯಮಿಕ ಕೋರ್ಸಿಗೆ 14 ವರ್ಷ, ಹಿರಿಯ ಮಾಧ್ಯಮಿಕಕ್ಕೆ 15 ವರ್ಷ ತುಂಬಿರಬೇಕು. 10ನೆಯದಕ್ಕೆ ಸಮನಾದ ಪ್ರಮಾಣಪತ್ರಕ್ಕೆ ಐದು ವಿಷಯ ಸಾಕು. ಅವುಗಳಲ್ಲಿ ಒಂದಾದರೂ, ಹೆಚ್ಚೆಂದರೆ ಎರಡು, ಭಾಷೆಯಾಗಿರಬೇಕು. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಒಂಬತ್ತು ಅವಕಾಶಗಳಿರುತ್ತವೆ, ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಪಾಸಿಗೆ ಶೇ 33. ಪ್ರತಿ ವಿಷಯಕ್ಕೂ ಮನೆಯಲ್ಲೇ ಬರೆದು ಕೊಡುವ, ಶಿಕ್ಷಕರು ಅಂಕ ಹಾಕುವ ಅಭ್ಯಾಸದ ಬರಹವಿದ್ದು, ಅದಕ್ಕೆ ಶೇ 20ರ ತೂಕವಿದೆ. ಹುಡುಗಿಯರಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ ಉಂಟು.

ನಮ್ಮಂಥ ಹೊಲಮನೆಯವರಿಗೆ ಇದರಲ್ಲಿ ನಿಜವಾಗಿ ಒಗ್ಗುವುದು ಪರೀಕ್ಷೆಯ ಕಾಲ. ಸಾರ್ವಜನಿಕ ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಎರಡು ಹೊತ್ತಿಗೆ ನಡೆಯುತ್ತದೆ. ಏಪ್ರಿಲ್-ಮೇ ಎಂದರೆ ಇಲ್ಲಿ 42 ಡಿಗ್ರಿ ಬಿಸಿಲು. ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಕಾಲ. ಅಕ್ಟೋಬರ್-ನವೆಂಬರಿನಲ್ಲಾದರೋ ಮಳೆ ಮುಗಿದಿರುತ್ತದೆ, ತೊಗರಿ ಇನ್ನೂ ಹೂವಿನಲ್ಲಿರುತ್ತದೆ, ರಾಶಿಗೆ ಡಿಸೆಂಬರ್-ಜನವರಿಯವರೆಗೆ ಸಮಯವಿರುತ್ತದೆ. ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆ ಮಾರ್ಚ್ ಸುತ್ತ ಬರುವುದರಿಂದ ಅದರ ನಿಜವಾದ ಓದು ತೊಗರಿ ರಾಶಿಯ ಜೊತೆಗೇ ಬಂದು ಬೀಳುತ್ತದೆ. ಯಾವ ಮಗುವಿನ ಕೈ ರಾಶಿಗೆ ಬೇಕು, ಯಾವುದರ ಕೈ ಬಿಡಬಹುದು ಎಂಬುದೂ ಹೋಲಿಕೆಯ ಒಂದು ಭಾಗವೇ ಸರಿ, ಪಟ್ಟಣದವರಿಗೆ ಇದು ವಿಚಿತ್ರವೆನಿಸಿದರೂ.

ಇನ್ನು ನಾನು ಕಳೆದುಕೊಂಡ ವರ್ಷದ ಕತೆ. ಹಿರಿಯಳಿಗೆ 14 ತುಂಬಿದಾಗ ಒಂದು ಅಧ್ಯಯನ ಕೇಂದ್ರದ ಹೆಸರು ಹೇಳಿಕೊಂಡು ಬಂದವರೊಬ್ಬರು, ಎಲ್ಲ ತಾವೇ ನೋಡಿಕೊಳ್ಳುವುದಾಗಿ ಹೇಳಿ, ಗೃಹವಿಜ್ಞಾನ, ಚಿತ್ರಕಲೆ ಮುಂತಾದ “ಹಗುರ” ವಿಷಯಗಳನ್ನು ಆರಿಸಿ ಅರ್ಜಿ ತುಂಬಿಸಿದರು. ಏಪ್ರಿಲ್ ಪರೀಕ್ಷೆಯಲ್ಲಿ ಅವಳು ಚೆನ್ನಾಗಿಯೇ ಪಾಸಾದಳು. ಆಗ ಅವಳಿಗೆ ವಿಜ್ಞಾನ ಬೇಕಾಗಿತ್ತು. ಕಾಲೇಜಿನ ಕೌಂಟರಿನಲ್ಲಿ ಕುಳಿತವರು ಅಂಕಪಟ್ಟಿಯ ಮೇಲೆ ಬೆರಳಾಡಿಸಿ, “ಇದರಾಗ ಗಣಿತ ಎಲ್ಲಿ ಅದರೀ?” ಎಂದು ಕೇಳಿದರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಗಣಿತವನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡು ಅಕ್ಟೋಬರಿನಲ್ಲಿ ಬರೆದು ಫಲಿತಾಂಶ ಬರುವ ಹೊತ್ತಿಗೆ ಕಾಲೇಜು ಅರ್ಧ ನಡೆದಿತ್ತು. ತಪ್ಪು ಅವರದಷ್ಟೇ ಅಲ್ಲ; ವಿಷಯಗಳ ಪಟ್ಟಿಯನ್ನು ನಾನೇ ಓದದೆ ಸಹಿ ಹಾಕಿದ್ದೆ. ಆದ್ದರಿಂದ ಎನ್‌ಐಒಎಸ್‌ಗೆ ಹೋಗುವವರಿಗೆ ನನ್ನ ಖಡಾಖಂಡಿತ ಮಾತು: ಯಾರೇ ಏನೇ ಹೇಳಲಿ, ಮಾಧ್ಯಮಿಕದಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್, ಕನ್ನಡ ನಾಲ್ಕನ್ನೂ ಇಟ್ಟುಕೊಂಡು, ಐದನೆಯದನ್ನು ಮಾತ್ರ ಮಗುವಿನ ಇಷ್ಟಕ್ಕೆ ಬಿಡಿ. ಏಳು ವಿಷಯಗಳವರೆಗೆ ತೆಗೆದುಕೊಳ್ಳಲು ಅವಕಾಶವಿರುವುದರಿಂದ ಚಿತ್ರಕಲೆಗೂ ಜಾಗವಿರುತ್ತದೆ. ಆಯ್ದ ವಿಷಯದ ಪುಸ್ತಕ ಮತ್ತು ಪ್ರಶ್ನೆಪತ್ರಿಕೆ ನಿಮ್ಮ ಮಗು ಓದುವ ಮಾಧ್ಯಮದಲ್ಲಿ ಬರುತ್ತದೆಯೇ ಎಂಬುದನ್ನು ಅರ್ಜಿಗೆ ಮೊದಲು ಆ ವರ್ಷದ ಕೈಪಿಡಿಯಲ್ಲಿ ನೋಡಿ. ಅರ್ಜಿಯನ್ನು ನೀವೇ ಆನ್‌ಲೈನಿನಲ್ಲಿ ತುಂಬಬಹುದು, ಮಧ್ಯವರ್ತಿ ಬೇಕಿಲ್ಲ.

ಇನ್ನೊಂದು ಎಚ್ಚರ. 10 ಮತ್ತು 12 ಎರಡನ್ನೂ ಎನ್‌ಐಒಎಸ್‌ನಲ್ಲೇ ಮುಗಿಸಿ ಸಿಇಟಿಗೆ ಹೋದರೆ, ಕರ್ನಾಟಕದಿಂದ ಪಾಸಾಗಿರಬೇಕೆಂಬ ಷರತ್ತಿನ ಮೇಲೆ ವಾದ ಮಾಡುವ ಪರಿಸ್ಥಿತಿಯನ್ನು ನಾವೇ ಮೈಮೇಲೆ ಎಳೆದುಕೊಂಡಂತೆ. ಎರಡರಲ್ಲಿ ಒಂದನ್ನಾದರೂ ರಾಜ್ಯ ಮಂಡಳಿಯಲ್ಲಿ ಬರೆಸುವುದು ಕ್ಷೇಮ.

ವಿದೇಶಿ ಮಂಡಳಿಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ವಿಷಯಕ್ಕಿಷ್ಟು ಎಂದು ಶುಲ್ಕ, ಮೇಲಾಗಿ ಪರೀಕ್ಷೆಗೆಂದು ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ ವಾರಗಟ್ಟಲೆ ಇರುವ ಖರ್ಚು. ಆರು ಮಕ್ಕಳ ಮನೆಗೆ ಇದು ಹೊಂದುವ ಮಾತಲ್ಲ.

ಮರಳಿ ಶಾಲೆಗೆ

ಮನೆಪಾಠ ಮಾಡಿಸುವವರ ನಡುವೆ ಈ ಆಯ್ಕೆಯನ್ನು ಸೋಲೆಂದು ಕಾಣುವ ಅಭ್ಯಾಸವಿದೆ, ನನಗೆ ಅದು ಒಪ್ಪಿಗೆಯಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದರ 4ನೇ ಕಲಮಿನ ಪ್ರಕಾರ, ಶಾಲೆಯಿಂದ ಹೊರಗಿರುವ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಪಡೆಯುವ ಹಕ್ಕೂ ಆ ಮಗುವಿಗಿದೆ. ಕಾಯ್ದೆ ಹೇಳುವ ಪ್ರಾಥಮಿಕ ಶಿಕ್ಷಣ 8ನೇ ತರಗತಿಗೆ ಮುಗಿಯುತ್ತದೆ. ಅಂದರೆ 13ರ ನಮ್ಮ ಹುಡುಗಿ ಈ ವರ್ಷ ನೇರವಾಗಿ 8ಕ್ಕೆ ಸೇರಬಹುದು. ಮುಂದಿನ ವರ್ಷ 9ಕ್ಕೆ ಸೇರಿಸುತ್ತೇವೆಂದು ಹೋದರೆ ಕಾಯ್ದೆಯ ಆ ಬಲ ನಮ್ಮ ಬೆನ್ನಿಗಿರುವುದಿಲ್ಲ, ಮುಖ್ಯೋಪಾಧ್ಯಾಯರ ಮರ್ಜಿಗೆ ಕಾಯಬೇಕಾಗುತ್ತದೆ. ಅವಳಿಗೆ ಕಡಿಮೆಬಿದ್ದ ಒಂದು ಗೆರೆಯೂ ಇದರಿಂದಲೇ ತುಂಬುತ್ತದೆ. 8 ಮುಗಿದ ಮೇಲೆ ಅಲ್ಲೇ ಮುಂದುವರಿಯಬೇಕೋ, ಮನೆಗೆ ಬಂದು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬೇಕೋ ಎಂಬುದನ್ನು ಅವಳೇ ಹೇಳಲಿ.

ಇದೇ ಕಾಯ್ದೆಯ 10ನೇ ಕಲಮು ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ, ಆದರೆ ಸೇರಿಸದ ಪಾಲಕರಿಗೆ ದಂಡವನ್ನು ಹೇಳುವುದಿಲ್ಲ. ಹಾಗಾಗಿ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ರಿಜಿಸ್ಟರ್ ಹಿಡಿದು ಮನೆಗೆ ಬಂದರೆ ಗಾಬರಿ ಬೇಡ. ಕೂಡಿಸಿ, ಚಹಾ ಕೊಟ್ಟು, ಮಕ್ಕಳ ನೋಟುಪುಸ್ತಕ ತೋರಿಸಿ. ಅವರೂ ತಮ್ಮ ಕೆಲಸಕ್ಕೆ ಬಂದವರು.

11-12ರ ಆಯ್ಕೆ

ಇಲ್ಲಿ ಹೋಲಿಕೆ ಸರಳ. ವಿಜ್ಞಾನ ಬೇಕಾದರೆ ಪಿಯು ಕಾಲೇಜು; ಪ್ರಯೋಗಾಲಯವಿಲ್ಲದೆ ಆ ದಾರಿಯಿಲ್ಲ, ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕವೂ ಸಿಇಟಿ ಅಂಕವೂ ಅರ್ಧರ್ಧ ಸೇರುತ್ತವೆ. ಕಲೆ ಅಥವಾ ವಾಣಿಜ್ಯವಾದರೆ ಎನ್‌ಐಒಎಸ್‌ನ ಹಿರಿಯ ಮಾಧ್ಯಮಿಕ ಸಾಕಾಗುತ್ತದೆ, 10 ಮುಗಿಸಿದ್ದಕ್ಕೂ ಅದರ ಪೂರ್ಣ ಪ್ರಮಾಣಪತ್ರಕ್ಕೂ ಎರಡು ವರ್ಷದ ಅಂತರವಿರಬೇಕು ಎಂಬುದನ್ನು ಮಾತ್ರ ನೆನಪಿಡಬೇಕು. ನಮ್ಮ ಹಿರಿಯಳ ಮನಸ್ಸು ಕಳೆದುಕೊಂಡ ಆ ವರ್ಷದಲ್ಲಿ ವಿಜ್ಞಾನದಿಂದ ಇತಿಹಾಸಕ್ಕೆ ತಿರುಗಿತು. ಅವಳಿಗೆ ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಪರೀಕ್ಷೆ ಬರೆಯಬೇಕಾದ್ದರಿಂದ ಏಳು ವರ್ಷದ ಷರತ್ತು ಅವಳ ದಾರಿಗೆ ಅಡ್ಡ ಬರುವುದಿಲ್ಲ. ಇಂಗ್ಲಿಷ್, ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂದು ಈ ಸಲ ಅವಳೇ ಪಟ್ಟಿ ಬರೆದಳು, ನಾನು ಎರಡು ಸಲ ಓದಿ ಸಹಿ ಹಾಕಿದೆ.

ಒಂದೇ ಮನೆ, ಹಲವು ತರಗತಿ

ದಾರಿ ಗೊತ್ತಾದ ಮೇಲೆ ದಿನದ ಓದು. ಎಲ್ಲರಿಗೂ ಬೇರೆಬೇರೆ ಪಾಠ ಮಾಡುವುದು ಒಂದು ಪದ್ಧತಿ, ಎಲ್ಲರನ್ನೂ ಒಟ್ಟಿಗೆ ಕೂಡಿಸುವುದು ಇನ್ನೊಂದು, ದೊಡ್ಡವರಿಂದ ಸಣ್ಣವರಿಗೆ ಹೇಳಿಸುವುದು ಮೂರನೆಯದು, ಟ್ಯೂಷನ್ ನಾಲ್ಕನೆಯದು. ನಾವು ನಾಲ್ಕನ್ನೂ ಮಾಡಿ ನೋಡಿದ್ದೇವೆ. ಗಣಿತವನ್ನು ಒಟ್ಟಿಗೆ ಹೇಳಲು ಬರುವುದಿಲ್ಲ. ಅದಕ್ಕೆ ಪ್ರತಿಯೊಬ್ಬರಿಗೂ ಬೆಳಗಿನ ಮುಕ್ಕಾಲು ಗಂಟೆ ಬೇರೆಯೇ ಬೇಕು. ರಾಜ್ಯದ ಗಣಿತ ಮತ್ತು ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿ ಪಠ್ಯವನ್ನೇ ಆಧರಿಸಿರುವುದರಿಂದ, ಕಿರಿಯರಿಗೆ ಅವನ್ನೇ ಹಿಡಿದರೆ ಮುಂದೆ ಯಾವ ಮಂಡಳಿಗೆ ಹೋದರೂ ಕೆಲಸಕ್ಕೆ ಬರುತ್ತವೆ. ಪಿಡಿಎಫ್‌ಗಳು ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ, ಜೆರಾಕ್ಸ್ ಅಂಗಡಿಯ ಖರ್ಚು ಮಾತ್ರ. ವಿಜ್ಞಾನಕ್ಕೆ ತಿಂಗಳಿಗೊಮ್ಮೆ ಎಲ್ಲರನ್ನೂ ನಗರದ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯುತ್ತೇವೆ.

ಇತಿಹಾಸ ಮಾತ್ರ ಒಟ್ಟಿಗೆ ಕಲಿತರೇ ಚಂದ, ಈ ನೆಲದಲ್ಲಿ ಅದಕ್ಕೆ ಬಡತನವೂ ಇಲ್ಲ. ಕಲಬುರಗಿ ಕೋಟೆಯೊಳಗಿನ 1367ರ ಜಾಮಾ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲವೆಂಬುದನ್ನು 8 ವರ್ಷದವನು ಗಮನಿಸುತ್ತಾನೆ, ಕಮಾನುಗಳ ಅಳತೆಯನ್ನು 15ರವನು ಲೆಕ್ಕ ಹಾಕುತ್ತಾನೆ, ಬಹಮನಿಗಳು ರಾಜಧಾನಿಯನ್ನು ಬೀದರಕ್ಕೆ ಏಕೆ ಒಯ್ದರೆಂಬುದನ್ನು ಹಿರಿಯಳು ಬರೆಯುತ್ತಾಳೆ; ಆಮೇಲೆ ಬೀದರದಲ್ಲಿ 1472ರ ಮಹಮೂದ್ ಗವಾನನ ಮದರಸಾ ಕಂಡಾಗ ಅವಳ ಬರವಣಿಗೆ ಅಲ್ಲಿಗೆ ಕೂಡುತ್ತದೆ. ಸನ್ನತಿ ಬಳಿಯ ಬೌದ್ಧ ನೆಲೆಯಾದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದ ಶಿಲ್ಪವನ್ನು ತೋರಿಸಿದ ದಿನ ಮಗ ಇಡೀ ದಾರಿಯಲ್ಲಿ ಬಸ್ಸಿನ ಟಿಕೆಟ್ಟಿನ ಹಿಂದೆ ಬ್ರಾಹ್ಮಿ ಅಕ್ಷರ ಬರೆಯುತ್ತ ಬಂದ.

ದೊಡ್ಡವರಿಂದ ಸಣ್ಣವರಿಗೆ ಹೇಳಿಸುವುದು ಕೇಳಲು ಬಹಳ ಚೆನ್ನಾಗಿದೆ, ಹೇಳಿಕೊಟ್ಟವರಿಗೂ ಪಾಠ ಗಟ್ಟಿಯಾಗುತ್ತದೆ ಎಂಬುದೂ ನಿಜ. ಆದರೆ ಅವಿಭಕ್ತ ಕುಟುಂಬದಲ್ಲಿ ಆ ಭಾರ ಯಾವಾಗಲೂ ಹಿರಿಯ ಹೆಣ್ಣುಮಗಳ ಮೇಲೆಯೇ ಬೀಳುತ್ತದೆ. ಎರಡು ವರ್ಷದ ಹಿಂದಿನ ಒಂದು ವಾರ ನಾನು ಬರೆದಿಟ್ಟು ನೋಡಿದಾಗ, ಹಿರಿಯಳು ಕಿರಿಯರಿಗೆ ಪಾಠ ಹೇಳಿದ್ದು ಹನ್ನೊಂದು ಗಂಟೆ, ತಾನು ಓದಿದ್ದು ಒಂಬತ್ತು. ಈಗ ದಿನಕ್ಕೆ ಅರ್ಧ ಗಂಟೆ ಮೀರುವಂತಿಲ್ಲ, ಮಗನಿಗೂ ಅಷ್ಟೇ ಪಾಲು. ಟ್ಯೂಷನ್, ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂಡುವ ಮಗನ ಗಣಿತಕ್ಕೆ ಮಾತ್ರ, ಅದೂ ಅರ್ಜಿ ಹಾಕಿದ ಮೇಲೆ ಪರೀಕ್ಷೆಯವರೆಗೆ. ಅವನನ್ನು ಈ ಸಲದ ತೊಗರಿ ರಾಶಿಯಿಂದ ಬಿಡಿಸಿದ್ದೇವೆ. ಇದಕ್ಕೆ ಅತ್ತಿಯನ್ನು ಒಪ್ಪಿಸಲು ಹಿಡಿದಷ್ಟು ಹೊತ್ತು ಉಳಿದ ಯಾವ ತೀರ್ಮಾನಕ್ಕೂ ಹಿಡಿಯಲಿಲ್ಲ.

ಜೂನ್ ಮೊದಲ ವಾರದ ಕೆಲಸ ಕಾಗದಪತ್ರದ್ದು. ಪ್ರತಿ ಮಗುವಿನ ಟೀಸಿ, ಓದಿದ ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರ, ಶಾಲೆಯ ದಾಖಲೆಯಲ್ಲಿರುವ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲಾತಿ ವ್ಯವಸ್ಥೆಯ) ಸಂಖ್ಯೆ, ಜನನ ಪ್ರಮಾಣಪತ್ರ, ಆಧಾರ್. ಇಷ್ಟರಲ್ಲೂ ಹೆಸರಿನ ಅಕ್ಷರ ಒಂದೇ ಬಗೆಯಾಗಿದೆಯೇ ಎಂದು ಎದುರಿಗಿಟ್ಟು ಓದಬೇಕು. ಮೈದುನನ ಮಗಳ ಟೀಸಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಿದೆ. ಅವಳು 4ನೆಯದರವರೆಗೆ ಓದಿದ ಶಾಲೆಗೆ ಸೋಮವಾರ ಬೆಳಗ್ಗೆ 10ಕ್ಕೆ ನೆಗೆಣ್ಣಿ ಹೋಗುತ್ತಾಳೆ, 8ನೇ ತರಗತಿಯ ಪ್ರವೇಶದ ಅರ್ಜಿಯನ್ನು ಅಂದೇ ನಾನು ತರುತ್ತೇನೆ.